ಶತ್ರು ಒಬ್ಬನೇ, ಅಂದಾಜು ಹಲವು: ಅಮೆರಿಕದ ಸಂಪ್ರದಾಯವಾದಿಗಳು ಮತ್ತು ಕಮ್ಯುನಿಸಂ

ಓದುಗರ ಪ್ರಶ್ನೆ: ಅಮೆರಿಕದ ಸಂಪ್ರದಾಯವಾದಿಗಳೆಂದರೆ ಕಮ್ಯುನಿಸಂ ವಿರುದ್ಧ ಜಗತ್ತಿನ ಯಾವ ಮೂಲೆಯಲ್ಲಾದರೂ ಹೋರಾಡಲು ಸಿದ್ಧರಿದ್ದವರು ಎಂದೇ ಓದಿಕೊಂಡು ಬಂದಿದ್ದೇವೆ. ಹಾಗಿದ್ದರೆ ಅದೇ ಪಾಳಯದಿಂದ ಬಂದ ನಿಕ್ಸನ್ ಮಾವೋ ಅವರ ಕೈ ಕುಲುಕಿದ್ದು ಹೇಗೆ? ಸೋವಿಯತ್ ಒಕ್ಕೂಟವನ್ನು ‘ದುಷ್ಟ ಸಾಮ್ರಾಜ್ಯ’ ಎಂದ ರೇಗನ್ ಐದು ವರ್ಷ ತುಂಬುವುದರೊಳಗೆ ಗೋರ್ಬಚೆವ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು ಹೇಗೆ? ಈಗ ಅದೇ ರಿಪಬ್ಲಿಕನ್ ಪಕ್ಷದ ಅನೇಕರು ಉಕ್ರೇನಿಗೆ ನೆರವು ಬೇಡ ಎನ್ನುತ್ತಿರುವುದು ಹಳೆಯ ನಿಲುವನ್ನು ಬಿಟ್ಟುಕೊಟ್ಟಂತೆ ಅಲ್ಲವೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳ ಹಿಂದೆ ಒಂದು ಊಹೆಯಿದೆ. ಸಂಪ್ರದಾಯವಾದಿಗಳಿಗೆ ಈ ವಿಷಯದಲ್ಲಿ ಒಂದೇ ನಿಲುವಿತ್ತು, ಕಾಲಕ್ರಮದಲ್ಲಿ ಒಬ್ಬೊಬ್ಬರೇ ಅದರಿಂದ ಸರಿದರು ಎಂಬುದು ಆ ಊಹೆ. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. ಕಮ್ಯುನಿಸಂ ಕೆಡುಕು ಎಂಬ ಬಗ್ಗೆ ಅವರಲ್ಲಿ ಭಿನ್ನಮತ ಇರಲಿಲ್ಲ, ನಿಜ. ಆದರೆ ಆ ಶತ್ರುವಿನ ಬಲವೆಷ್ಟು, ಅದು ಬೆಳೆಯುತ್ತಿದೆಯೋ ಒಳಗೊಳಗೇ ಸವೆಯುತ್ತಿದೆಯೋ, ಅದನ್ನು ಎದುರಿಸುವ ಭರದಲ್ಲಿ ಅಮೆರಿಕ ತನ್ನದೇ ಸರ್ಕಾರವನ್ನು ಎಷ್ಟು ಹಿಗ್ಗಿಸಿಕೊಳ್ಳಬಹುದು ಎಂಬ ಪ್ರಶ್ನೆಗಳಲ್ಲಿ 1940ರ ದಶಕದಿಂದಲೂ ಅವರು ತಮ್ಮತಮ್ಮಲ್ಲೇ ಕಾದಾಡಿದ್ದಾರೆ. ನಿಕ್ಸನ್, ರೇಗನ್, ಇಂದಿನ ಉಕ್ರೇನ್ ವಿವಾದ ಮೂರೂ ಆ ಜಗಳದ ಒಳಗಿನಿಂದಲೇ ಹುಟ್ಟಿದವು.

ಓಹಾಯೋದ ಸೆನೆಟರ್ ರಾಬರ್ಟ್ ಟಾಫ್ಟ್ ಅವರಿಂದ ಆರಂಭಿಸುವುದು ಸೂಕ್ತ. ಅಧ್ಯಕ್ಷರಾಗಿದ್ದ ವಿಲಿಯಂ ಹೋವರ್ಡ್ ಟಾಫ್ಟ್ ಅವರ ಮಗನಾದ ಇವರಿಗೆ ಪಕ್ಷದೊಳಗೆ ಎಂಥ ಸ್ಥಾನವಿತ್ತೆಂದರೆ, ಜನ ಅವರನ್ನು ‘ಮಿಸ್ಟರ್ ರಿಪಬ್ಲಿಕನ್’ ಎಂದೇ ಕರೆಯುತ್ತಿದ್ದರು. 1949ರ ಜುಲೈನಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಮೈತ್ರಿಯಾದ ನೇಟೊ ಒಪ್ಪಂದವನ್ನು ಸೆನೆಟ್ 82–13 ಮತಗಳಿಂದ ಅಂಗೀಕರಿಸಿದಾಗ ವಿರುದ್ಧ ಮತ ಚಲಾಯಿಸಿದ ಹದಿಮೂರು ಮಂದಿಯಲ್ಲಿ ಅವರೂ ಇದ್ದರು. ಸ್ಟಾಲಿನ್ ಬಗ್ಗೆ ಅವರಿಗೆ ಮೃದುಧೋರಣೆ ಇತ್ತೆಂದು ಯಾರೂ ಹೇಳಲಾರರು. ಅವರ ವಾದವೇ ಬೇರೆಯಿತ್ತು: ಈ ಒಪ್ಪಂದದ ಬೆನ್ನಿಗೇ ಯುರೋಪಿಗೆ ಶಸ್ತ್ರಾಸ್ತ್ರ ಪೂರೈಸುವ ಹೊಣೆ ಬರುತ್ತದೆ, ರಷ್ಯಾದ ಸುತ್ತ ಶಸ್ತ್ರಸಜ್ಜಿತ ರಾಷ್ಟ್ರಗಳ ಬೇಲಿ ಕಟ್ಟಿದರೆ ಯುದ್ಧ ತಪ್ಪುವ ಬದಲು ಹತ್ತಿರ ಬರಬಹುದು, ಎಲ್ಲಕ್ಕಿಂತ ಮಿಗಿಲಾಗಿ ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕೈಜಾರಿ ಅಧ್ಯಕ್ಷರ ಕೈ ಸೇರುತ್ತದೆ. ಮರುವರ್ಷ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸಿನ ಅನುಮತಿ ಕೇಳದೆಯೇ ಕೊರಿಯಾ ಯುದ್ಧಕ್ಕೆ ಇಳಿದಾಗ ಟಾಫ್ಟ್ ಸೆನೆಟ್‌ನಲ್ಲಿ ಎದ್ದುನಿಂತು, ನಿರ್ಣಯ ಮಂಡಿಸಿದ್ದರೆ ನಾನೇ ಅದರ ಪರವಾಗಿ ಮತ ಹಾಕುತ್ತಿದ್ದೆ, ಆದರೆ ಕೇಳದೆ ಹೋದದ್ದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂಬರ್ಥದ ಮಾತಾಡಿದರು. ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಅದೇ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ಪಶ್ಚಿಮ ಗೋಳಾರ್ಧವನ್ನು ಭದ್ರಕೋಟೆಯಾಗಿ ಕಾಯ್ದುಕೊಂಡರೆ ಸಾಕು, ಯುರೋಪು ತನ್ನ ರಕ್ಷಣೆಗೆ ತಾನೇ ಮುಂದಾಗುವವರೆಗೆ ಅಲ್ಲಿಗೆ ಇನ್ನೊಬ್ಬ ಸೈನಿಕನನ್ನೂ ಒಂದು ಡಾಲರನ್ನೂ ಕಳಿಸಬೇಡಿ ಎಂದು ವಾದಿಸಿದರು.

ಈ ಗುಂಪಿನವರು ಎಲ್ಲ ಕಡೆಯೂ ಒಂದೇ ಮಾನದಂಡ ಬಳಸಲಿಲ್ಲ ಎಂಬುದನ್ನೂ ಹೇಳಬೇಕು. ಯುರೋಪಿನ ವಿಷಯ ಬಂದಾಗ ಖರ್ಚು ಮತ್ತು ಸಂವಿಧಾನ ನೆನಪಾಗುತ್ತಿದ್ದ ಅನೇಕರಿಗೆ ಚೀನಾದ ವಿಷಯ ಬಂದಾಗ ಆ ಸಂಯಮ ಉಳಿಯುತ್ತಿರಲಿಲ್ಲ. ಟಾಫ್ಟ್ ಸ್ವತಃ ಫಾರ್ಮೋಸಾವನ್ನು, ಅಂದರೆ ಇಂದಿನ ತೈವಾನನ್ನು, ಅಮೆರಿಕದ ನೌಕಾಬಲ ರಕ್ಷಿಸಬೇಕು ಎನ್ನುತ್ತಿದ್ದರು. ಕ್ಯಾಲಿಫೋರ್ನಿಯಾದ ಸೆನೆಟರ್ ವಿಲಿಯಂ ನೋಲಂಡ್ ಅವರಿಗಂತೂ, ಚೀನಾದ ಕಮ್ಯುನಿಸ್ಟರಿಗೆ ಸೋತು ಆ ದ್ವೀಪಕ್ಕೆ ಸರಿದಿದ್ದ ನಾಯಕ ಚಿಯಾಂಗ್ ಕೈ-ಷೆಕ್ ಮೇಲಿನ ನಿಷ್ಠೆಯಿಂದಾಗಿ ‘ಫಾರ್ಮೋಸಾದ ಸೆನೆಟರ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ‘ಏಷ್ಯಾ ಮೊದಲು’ ಎಂಬ ಈ ಒಲವು ಇವತ್ತಿಗೂ ಬತ್ತಿಲ್ಲ. ನಿಮ್ಮ ಮೂರನೆಯ ಪ್ರಶ್ನೆಗೆ ಬಂದಾಗ ಇದು ಬೇಕಾಗುತ್ತದೆ.

ಟಾಫ್ಟ್ ಅವರ ಭಯವನ್ನು ಸೋಲಿಸಿದ್ದು ಉದಾರವಾದಿಗಳಷ್ಟೇ ಅಲ್ಲ, ಹೊಸ ತಲೆಮಾರಿನ ಸಂಪ್ರದಾಯವಾದಿಗಳೂ ಹೌದು. 1952ರ ಜನವರಿಯಲ್ಲಿ, ಆಗಿನ್ನೂ 26 ವರ್ಷದವರಾಗಿದ್ದ ವಿಲಿಯಂ ಎಫ್. ಬಕ್ಲಿ ಕ್ಯಾಥೊಲಿಕ್ ವಾರಪತ್ರಿಕೆಯೊಂದರಲ್ಲಿ ಬರೆದ ಲೇಖನ ಈ ತಿರುವಿನ ಬಹಳ ಪ್ರಾಮಾಣಿಕ ದಾಖಲೆ. ಸರ್ಕಾರ ಚಿಕ್ಕದಿರಬೇಕು ಎಂಬುದು ತಮ್ಮ ಸಿದ್ಧಾಂತವಾದರೂ, ಸೋವಿಯತ್ ಅಪಾಯ ಇರುವವರೆಗೆ ದೊಡ್ಡ ಸರ್ಕಾರವನ್ನು, ಭಾರೀ ತೆರಿಗೆಯನ್ನು, ವಿಶಾಲವಾದ ಸೇನೆಯನ್ನು, ಕೊನೆಗೆ ದೇಶದೊಳಗೆ ಸರ್ವಾಧಿಕಾರಿ ಸ್ವರೂಪದ ಅಧಿಕಾರಶಾಹಿಯನ್ನು ಕೂಡ ಸಹಿಸಿಕೊಳ್ಳಬೇಕಾಗುತ್ತದೆ ಎಂದು ಅವರು ಅಲ್ಲಿ ಒಪ್ಪಿಕೊಂಡರು. ಸುಮಾರು ನಾಲ್ಕು ವರ್ಷಗಳ ನಂತರ, 1955ರ ನವೆಂಬರ್‌ನಲ್ಲಿ, ಅವರು ಆರಂಭಿಸಿದ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಅಮೆರಿಕದ ಸಂಪ್ರದಾಯವಾದಿ ಚಿಂತನೆಗೆ ಮುಖವಾಣಿಯಾಯಿತು. ‘ಅಪಾಯ ಇರುವವರೆಗೆ’ ಎಂಬ ಆ ಷರತ್ತನ್ನು ಗಮನಿಸಿ. ಮೂವತ್ತೇಳು ವರ್ಷಗಳ ನಂತರ ಅಪಾಯ ಸರಿದಾಗ, ಹಾಗಾದರೆ ಲೆಕ್ಕ ಚುಕ್ತಾ ಮಾಡಿ ಎಂದು ಕೇಳುವವರು ಹುಟ್ಟಿಕೊಳ್ಳಲೇಬೇಕಿತ್ತು.

ಆ ಪತ್ರಿಕೆಯ ಸುತ್ತ ಸೇರಿದ ಪ್ರಮುಖರಲ್ಲಿ ಹಲವರು ಒಂದು ಕಾಲದಲ್ಲಿ ಸ್ವತಃ ಕಮ್ಯುನಿಸ್ಟರಾಗಿದ್ದವರು. ವಿಟೇಕರ್ ಚೇಂಬರ್ಸ್ 1930ರ ದಶಕದಲ್ಲಿ ಸೋವಿಯತ್ ಗೂಢಚರ ಜಾಲದ ಸಂದೇಶವಾಹಕರಾಗಿದ್ದರು; 1948ರಲ್ಲಿ ವಿದೇಶಾಂಗ ಇಲಾಖೆಯ ಮಾಜಿ ಅಧಿಕಾರಿ ಆಲ್ಜರ್ ಹಿಸ್ ಕೂಡ ಗುಪ್ತವಾಗಿ ಕಮ್ಯುನಿಸ್ಟರಾಗಿದ್ದರೆಂದು ಸಾಕ್ಷ್ಯ ನುಡಿದು ದೇಶವನ್ನೇ ಎರಡು ಪಾಲು ಮಾಡಿದರು. ಜೇಮ್ಸ್ ಬರ್ನಂ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, 1940ರವರೆಗೆ ಟ್ರಾಟ್‌ಸ್ಕಿಯ ಅನುಯಾಯಿ. ಒಳಗಿದ್ದು ಬಂದವರಾದ್ದರಿಂದ ಕಮ್ಯುನಿಸಂ ಇವರಿಗೆ ಕೇವಲ ಒಂದು ದೇಶದ ಹಿತಾಸಕ್ತಿಯಾಗಿ ಕಾಣಲಿಲ್ಲ, ಒಂದು ಶ್ರದ್ಧೆಯಾಗಿ ಕಂಡಿತು. ಅದರ ಜೊತೆಗೇ ಒಂದು ಆಳವಾದ ನಿರಾಶೆಯೂ ಬಂತು. ತಾನು ಗೆಲ್ಲುವ ಪಕ್ಷವನ್ನು ತೊರೆದು ಸೋಲುವ ಪಕ್ಷಕ್ಕೆ ಬಂದಿದ್ದೇನೆ ಎಂಬುದು ಚೇಂಬರ್ಸ್ ಅವರ ದೃಢ ನಂಬಿಕೆಯಾಗಿತ್ತು. ಬರ್ನಂ ಅವರ ವಾದ ಇನ್ನಷ್ಟು ತಾರ್ಕಿಕ: ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ರೂಪಿಸಿದ, ಸೋವಿಯತ್ ವಿಸ್ತರಣೆಯನ್ನು ‘ತಡೆದು ನಿಲ್ಲಿಸುವ’ ನೀತಿಯಿಂದ ಗೆಲುವು ಸಾಧ್ಯವಿಲ್ಲ, ಏಕೆಂದರೆ ಒಂದು ಕಡೆಯವರು ಸದಾ ಮುನ್ನುಗ್ಗುತ್ತ ಇನ್ನೊಂದು ಕಡೆಯವರು ಸದಾ ತಡೆಯುತ್ತ ಕುಳಿತರೆ ಒಂದಲ್ಲ ಒಂದು ದಿನ ತಡೆ ಮುರಿದೇ ಮುರಿಯುತ್ತದೆ, ಆದ್ದರಿಂದ ಪೂರ್ವ ಯುರೋಪನ್ನು ಬಿಡಿಸಿಕೊಳ್ಳುವುದೇ ಗುರಿಯಾಗಬೇಕು. ಕೆನನ್ ಮಾತ್ರ ಸೋವಿಯತ್ ವ್ಯವಸ್ಥೆ ತನ್ನೊಳಗೇ ಕೊಳೆಯುವ ಬೀಜವನ್ನು ಇಟ್ಟುಕೊಂಡಿದೆ, ಕಾಯುವ ತಾಳ್ಮೆ ಬೇಕು ಎಂದು 1947ರಲ್ಲೇ ಬರೆದಿದ್ದರು. ನನ್ನ ದೃಷ್ಟಿಯಲ್ಲಿ ಮುಂದಿನ ನಲವತ್ತು ವರ್ಷಗಳ ಇಡೀ ವಾದದ ತಿರುಳು ಈ ಇಬ್ಬರ ಅಂದಾಜುಗಳ ನಡುವಿನ ಅಂತರದಲ್ಲಿದೆ.

1952ರ ಚುನಾವಣೆಯಲ್ಲಿ ರಿಪಬ್ಲಿಕನ್ ಪ್ರಣಾಳಿಕೆ ತಡೆಯುವ ನೀತಿಯನ್ನು ನಿಷ್ಫಲ, ಅನೈತಿಕ ಎಂದು ಜರೆದು ವಿಮೋಚನೆಯ ಮಾತಾಡಿತು. ಆ ಭಾಗದ ಹಿಂದಿದ್ದವರು ಜಾನ್ ಫಾಸ್ಟರ್ ಡಲ್ಲೆಸ್. ಐಸೆನ್‌ಹೋವರ್ ಗೆದ್ದ ಮೇಲೆ ಅವರೇ ವಿದೇಶಾಂಗ ಕಾರ್ಯದರ್ಶಿಯಾದರು. ನಾಲ್ಕು ವರ್ಷ ಕಳೆದು, 1956ರ ನವೆಂಬರ್ 4ರಂದು ಹಂಗೇರಿಯ ಜನರ ದಂಗೆಯನ್ನು ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ರಾಜಧಾನಿ ಬುಡಾಪೆಸ್ಟ್‌ಗೆ ನುಗ್ಗಿದಾಗ ಅಮೆರಿಕ ಕೈಕಟ್ಟಿ ನಿಂತಿತು. ಮ್ಯೂನಿಕ್‌ನಿಂದ ಪ್ರಸಾರವಾಗುತ್ತಿದ್ದ, ಅಮೆರಿಕದ ಹಣದಿಂದ ನಡೆಯುತ್ತಿದ್ದ ರೇಡಿಯೋ ಫ್ರೀ ಯುರೋಪ್ ಕೇಳಿ ನೆರವು ಬರುತ್ತದೆಂದು ನಂಬಿದ್ದವರಿಗೆ ಬಂದದ್ದು ಸಹಾನುಭೂತಿ ಮಾತ್ರ. ಸುಮಾರು ಎರಡು ಲಕ್ಷ ಹಂಗೇರಿಯನ್ನರು ದೇಶ ಬಿಟ್ಟು ಓಡಿದರು. ಹಂಗೇರಿಗಾಗಿ ಅಣ್ವಸ್ತ್ರ ಯುದ್ಧದ ಅಪಾಯಕ್ಕೆ ಐಸೆನ್‌ಹೋವರ್ ಸಿದ್ಧರಿರಲಿಲ್ಲ. ಅವರದು ತಪ್ಪೆಂದು ನಾನು ಹೇಳಲಾರೆ. ಆದರೆ ನಾಲ್ಕು ವರ್ಷ ವಿಮೋಚನೆಯ ಮಾತಾಡಿದ್ದು ತಪ್ಪು. ಮತ ಗಳಿಸಲು ಆಡಿದ ಮಾತಿಗೆ ಬೆಲೆ ತೆತ್ತವರು ಮತದಾರರಲ್ಲದವರು.

ಕಂಡಕಂಡವರನ್ನು ಕಮ್ಯುನಿಸ್ಟರೆಂದು ದೂರಿದ ಸೆನೆಟರ್ ಜೋಸೆಫ್ ಮೆಕಾರ್ತಿಯನ್ನು ಇಲ್ಲಿ ಎಳೆತರದೆ ಮುಂದೆ ಹೋಗುತ್ತೇನೆ. ಆತನ ಬೇಟೆ ಬಹುಪಾಲು ದೇಶದೊಳಗಿನದು, 1954ರ ಡಿಸೆಂಬರ್‌ನಲ್ಲಿ ಸೆನೆಟ್ 67–22 ಮತಗಳಿಂದ ಆತನನ್ನು ಖಂಡಿಸಿದಾಗ ರಿಪಬ್ಲಿಕನ್ ಸದಸ್ಯರೇ ಸರಿಯಾಗಿ ಅರ್ಧಕ್ಕರ್ಧ ಒಡೆದರು ಎಂಬುದಷ್ಟೇ ನಮ್ಮ ಚರ್ಚೆಗೆ ಸಂಬಂಧಿಸಿದ್ದು.

ಭಾರತದ ಓದುಗರಿಗೆ ಈ ವಾದಗಳು ದೂರದ ಸಂಗತಿ ಎನಿಸಬೇಕಾಗಿಲ್ಲ. ಅಲಿಪ್ತ ನೀತಿ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಅನೈತಿಕ ಮತ್ತು ದೂರದೃಷ್ಟಿಯಿಲ್ಲದ ಕಲ್ಪನೆ ಎಂದು ಡಲ್ಲೆಸ್ 1956ರ ಜೂನ್‌ನಲ್ಲಿ ಹೇಳಿದ್ದು ದೆಹಲಿಯಲ್ಲಿ ಬಹುಕಾಲ ಮರೆಯದ ಮಾತಾಯಿತು. ಅದಕ್ಕೂ ಆರು ತಿಂಗಳು ಮುನ್ನ, ಪೋರ್ಚುಗಲ್ ವಿದೇಶಾಂಗ ಸಚಿವರೊಡನೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಅವರು ಏಷ್ಯಾದ ಪೋರ್ಚುಗೀಸ್ ‘ಪ್ರಾಂತ್ಯಗಳ’ ಮಾತೆತ್ತಿದ್ದರು. ಕಾರವಾರದಾಚೆಯ ಗೋವಾವನ್ನು ವಸಾಹತು ಎನ್ನದೆ ಪ್ರಾಂತ್ಯ ಎಂದಂತಾಗಿದ್ದರಿಂದ ಇಲ್ಲಿ ಕೋಪ ಭುಗಿಲೆದ್ದಿತು. ನೇಟೊ ಸದಸ್ಯನನ್ನು ನೋಯಿಸಬಾರದು ಎಂಬ ಲೆಕ್ಕಾಚಾರ ಅಲ್ಲಿ ಕೆಲಸ ಮಾಡಿತ್ತು. 1963ರಲ್ಲಿ ಬೊಕಾರೊ ಉಕ್ಕಿನ ಕಾರ್ಖಾನೆಗೆ ಅಮೆರಿಕದ ನೆರವು ಬರದೇ ಹೋದದ್ದರ ಹಿಂದೆಯೂ, ಸರ್ಕಾರಿ ಒಡೆತನದ ಉದ್ದಿಮೆಗೆ ನಮ್ಮ ತೆರಿಗೆದಾರರ ಹಣ ಏಕೆ ಎಂಬ ಸಂಪ್ರದಾಯವಾದಿ ಆಕ್ಷೇಪವಿತ್ತು. ಕಾರ್ಖಾನೆಯನ್ನು ಕಟ್ಟಿಕೊಟ್ಟವರು ಸೋವಿಯತ್ತರು. ಸಮಾಜವಾದವನ್ನು ದೂರವಿಡಲು ಮಾಡಿದ ನಿರ್ಧಾರ ಭಾರತವನ್ನು ಮಾಸ್ಕೋಗೆ ಇನ್ನಷ್ಟು ಹತ್ತಿರ ತಂದಿತು.

ಈಗ ನಿಕ್ಸನ್. ಹಿಸ್ ಪ್ರಕರಣದ ತನಿಖೆಯಿಂದಲೇ ರಾಷ್ಟ್ರಮಟ್ಟದಲ್ಲಿ ಹೆಸರಾದ ಅವರು ಶತ್ರುವಿನ ಬಲವನ್ನು ಮೂರನೆಯದೇ ಆದ ರೀತಿಯಲ್ಲಿ ಅಳೆದರು. 1969ರ ಮಾರ್ಚ್‌ನಲ್ಲಿ ಉಸ್ಸೂರಿ ನದಿಯ ದಂಡೆಯಲ್ಲಿ ಸೋವಿಯತ್ ಮತ್ತು ಚೀನೀ ಪಡೆಗಳು ಪರಸ್ಪರ ಗುಂಡು ಹಾರಿಸಿದ ಮೇಲೆ, ಕಮ್ಯುನಿಸಂ ಒಂದೇ ಶಕ್ತಿ ಎಂಬ ಚಿತ್ರಕ್ಕೆ ಅರ್ಥವಿರಲಿಲ್ಲ. ಸಿದ್ಧಾಂತವನ್ನು ಪಕ್ಕಕ್ಕಿಟ್ಟು ಒಬ್ಬನನ್ನು ಇನ್ನೊಬ್ಬನ ವಿರುದ್ಧ ತೂಗುವುದೇ ಅವರ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಅವರ ನೀತಿಯಾಯಿತು. 1971ರ ಜುಲೈನಲ್ಲಿ ಕಿಸಿಂಜರ್ ಪಾಕಿಸ್ತಾನದಿಂದ ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ಆ ದಾರಿ ಮುಚ್ಚಿಹೋಗಬಾರದೆಂಬ ಕಾಳಜಿಯೂ ಪೂರ್ವ ಪಾಕಿಸ್ತಾನದ ನರಮೇಧದ ಬಗ್ಗೆ ವಾಷಿಂಗ್ಟನ್ ಬಾಯಿ ಮುಚ್ಚಿಕೊಳ್ಳಲು ಮುಖ್ಯ ಕಾರಣವಾಗಿತ್ತು. ಢಾಕಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಆರ್ಚರ್ ಬ್ಲಡ್ ಕಳಿಸಿದ ಪ್ರತಿಭಟನೆಯ ತಂತಿಗೆ ಬೆಲೆ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ‘ಎಂಟರ್‌ಪ್ರೈಸ್’ ವಿಮಾನವಾಹಕ ನೌಕೆ ಬಂಗಾಳ ಕೊಲ್ಲಿಯತ್ತ ಹೊರಟಿತು.

ಆದರೆ ಇದನ್ನು ಅಮೆರಿಕದ ಸಂಪ್ರದಾಯವಾದಿಗಳು ಒಪ್ಪಿಕೊಂಡರೆಂದು ತಿಳಿಯಬೇಡಿ. ಬೀಜಿಂಗ್ ಭೇಟಿಯ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಬಕ್ಲಿ, ಬರ್ನಂ ಸೇರಿದಂತೆ ಹನ್ನೆರಡು ಮಂದಿ ಪ್ರಮುಖರು ನಿಕ್ಸನ್‌ಗೆ ನೀಡಿದ್ದ ಬೆಂಬಲವನ್ನು ಅಮಾನತಿನಲ್ಲಿಟ್ಟಿರುವುದಾಗಿ ಬಹಿರಂಗವಾಗಿ ಘೋಷಿಸಿದರು. ಓಹಾಯೋದ ಸಂಸದ ಜಾನ್ ಆಶ್‌ಬ್ರುಕ್ 1972ರ ಪ್ರಾಥಮಿಕ ಚುನಾವಣೆಯಲ್ಲಿ ತಮ್ಮದೇ ಪಕ್ಷದ ಅಧ್ಯಕ್ಷರ ವಿರುದ್ಧ ಸ್ಪರ್ಧಿಸಿ ಸೋತರು. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಇಷ್ಟು: ಮಾವೋ ಕೈ ಕುಲುಕಿದ್ದು ಸಂಪ್ರದಾಯವಾದಿಗಳಲ್ಲ, ಅವರ ಮತಗಳಿಂದ ಗೆದ್ದು ಅವರ ಮಾತು ಕೇಳದ ಒಬ್ಬ ರಾಜಕಾರಣಿ. ಉದಾರವಾದಿಯೊಬ್ಬ ಅದೇ ಕೆಲಸ ಮಾಡಿದ್ದರೆ ದೇಶದ್ರೋಹಿ ಎನಿಸಿಕೊಳ್ಳುತ್ತಿದ್ದ ಎಂಬುದೂ ಅಷ್ಟೇ ಸತ್ಯ.

ನಿಕ್ಸನ್ ನಂತರ ಬಂದ ಫೋರ್ಡ್ ಆ ಮುನಿಸನ್ನು ಪೂರ್ತಿಯಾಗಿ ಅನುಭವಿಸಿದರು. ಸೋವಿಯತ್ ಒಕ್ಕೂಟದಿಂದ ಗಡೀಪಾರಾಗಿ ಬಂದಿದ್ದ ಲೇಖಕ ಸೋಲ್ಝೆನಿತ್ಸಿನ್ ಅವರನ್ನು 1975ರ ಜುಲೈನಲ್ಲಿ ಶ್ವೇತಭವನಕ್ಕೆ ಕರೆಯದೇ ಹೋದದ್ದು ಒಂದು. ಆಗಸ್ಟ್ 1ರಂದು ಹೆಲ್ಸಿಂಕಿಯಲ್ಲಿ 35 ದೇಶಗಳ ಒಪ್ಪಂದಕ್ಕೆ ಸಹಿ ಹಾಕಿ ಯುರೋಪಿನ ಗಡಿಗಳನ್ನು ಮಾನ್ಯ ಮಾಡಿದ್ದು ಇನ್ನೊಂದು. ರೇಗನ್ ಸೇರಿದಂತೆ ಬಹುತೇಕ ಸಂಪ್ರದಾಯವಾದಿಗಳು ಇದನ್ನು ಪೂರ್ವ ಯುರೋಪನ್ನು ಮಾರಿಬಿಟ್ಟ ಪತ್ರವೆಂದು ಕಂಡರು. ಮಾನವ ಹಕ್ಕುಗಳ ಬಗ್ಗೆ ಅದರಲ್ಲಿದ್ದ ಕಲಮುಗಳು ಅವರಿಗೆ ಅಲಂಕಾರದ ಮಾತುಗಳಾಗಿ ತೋರಿದವು. ಅದೇ ಕಲಮುಗಳನ್ನು ಹಿಡಿದುಕೊಂಡು 1976ರಲ್ಲಿ ಮಾಸ್ಕೋದಲ್ಲಿ ಹೆಲ್ಸಿಂಕಿ ಗುಂಪು, 1977ರಲ್ಲಿ ಪ್ರಾಗ್‌ನಲ್ಲಿ ‘ಚಾರ್ಟರ್ 77’ ಹುಟ್ಟಿಕೊಂಡು ಆ ಸರ್ಕಾರಗಳಿಗೆ ಅವರದೇ ಸಹಿಯನ್ನು ತೋರಿಸಿ ಪ್ರಶ್ನಿಸತೊಡಗಿದವು. ಇಲ್ಲಿ ಸಂಪ್ರದಾಯವಾದಿಗಳು ಎಡವಿದರು. ಸೋವಿಯತ್ ವ್ಯವಸ್ಥೆ ಕಬ್ಬಿಣದ ಗೋಡೆ, ಒಂದು ಕಾಗದದ ತುಂಡು ಅದನ್ನೇನು ಮಾಡೀತು ಎಂಬ ಹಳೆಯ ಬರ್ನಂ ಲೆಕ್ಕವೇ ಅವರ ಕಣ್ಣಿಗೆ ಕಟ್ಟಿತ್ತು. ರಾಜ್ಯಶಾಸ್ತ್ರಜ್ಞೆ ಜೀನ್ ಕರ್ಕ್‌ಪ್ಯಾಟ್ರಿಕ್ 1979ರ ನವೆಂಬರ್‌ನಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲೂ ಇದೇ ನೆರಳಿದೆ: ಸಾಮಾನ್ಯ ಸರ್ವಾಧಿಕಾರಗಳು ಕಾಲಾನುಕ್ರಮದಲ್ಲಿ ಪ್ರಜಾಪ್ರಭುತ್ವದ ಕಡೆ ಹೊರಳಬಹುದು, ಕ್ರಾಂತಿಕಾರಿ ಕಮ್ಯುನಿಸ್ಟ್ ಆಡಳಿತಗಳು ಹಾಗೆ ಹೊರಳಿದ ನಿದರ್ಶನವಿಲ್ಲ, ಆದ್ದರಿಂದ ಅಮೆರಿಕ ಮೊದಲ ಬಗೆಯವರನ್ನು ಸಹಿಸಬೇಕು ಎಂದು ಅವರು ವಾದಿಸಿದ್ದರು. ಅದನ್ನು ಓದಿ ಮೆಚ್ಚಿದ ರೇಗನ್, ಅಧ್ಯಕ್ಷರಾದ ಮೇಲೆ ಕರ್ಕ್‌ಪ್ಯಾಟ್ರಿಕ್ ಅವರನ್ನು ವಿಶ್ವಸಂಸ್ಥೆಗೆ ರಾಯಭಾರಿಯಾಗಿ ಕಳಿಸಿದರು. ಕಮ್ಯುನಿಸ್ಟ್ ಆಡಳಿತಗಳು ಹೊರಳುವುದಿಲ್ಲ ಎಂಬ ಮಾತಿಗೆ, ಪೂರ್ವ ಯುರೋಪಿನಲ್ಲಿ ಅವು ಕುಸಿದ 1989 ಉತ್ತರ ಕೊಟ್ಟಿತು.

ರೇಗನ್ ಅವರನ್ನು ಈ ಪರಂಪರೆಯ ಶಿಖರವೆಂದು ಎಲ್ಲರೂ ಬಣ್ಣಿಸುತ್ತಾರೆ. ನನಗೆ ಅವರು ಅದರ ಅಪವಾದವಾಗಿ ಕಾಣುತ್ತಾರೆ. ಕಮ್ಯುನಿಸಂ ಬಗೆಗಿನ ದ್ವೇಷದಲ್ಲಿ ಅವರು ಬರ್ನಂ ಶಿಷ್ಯರೇ. ಆದರೆ ಅದರ ಬಲದ ಅಂದಾಜಿನಲ್ಲಿ ತಮಗೇ ಗೊತ್ತಿಲ್ಲದೆ ಕೆನನ್ ಪಕ್ಕಕ್ಕೆ ಹೋಗಿದ್ದರು. 1981ರ ಮೇ ತಿಂಗಳಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ, ಪಶ್ಚಿಮವು ಕಮ್ಯುನಿಸಂ ಅನ್ನು ತಡೆಯುವುದಿಲ್ಲ, ಅದನ್ನು ದಾಟಿಹೋಗುತ್ತದೆ ಎಂದರು. 1982ರ ಜೂನ್ 8ರಂದು ಲಂಡನ್‌ನ ಸಂಸತ್ ಭವನದಲ್ಲಿ, ಮಾರ್ಕ್ಸ್ ಹೇಳಿದ ಕ್ರಾಂತಿಕಾರಿ ಬಿಕ್ಕಟ್ಟು ನಿಜಕ್ಕೂ ಬಂದಿದೆ, ಆದರೆ ಬಂದಿರುವುದು ಸೋವಿಯತ್ ಒಕ್ಕೂಟಕ್ಕೆ ಎಂದು ಕುಟುಕಿದರು. ಆಗ ಇದನ್ನು ಭಾಷಣದ ಅಬ್ಬರವೆಂದು ಪಕ್ಕಕ್ಕಿಟ್ಟವರೇ ಹೆಚ್ಚು. ಅದೇ ಹೊತ್ತಿಗೆ ಅವರ ಬೆಂಬಲಿಗರು ಸಿಟ್ಟಾಗಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಕಾರ್ಟರ್ ಹೇರಿದ್ದ ಧಾನ್ಯ ರಫ್ತು ನಿರ್ಬಂಧವನ್ನು ರೈತರ ಒತ್ತಾಯಕ್ಕೆ ಮಣಿದು ಅವರು 1981ರ ಏಪ್ರಿಲ್‌ನಲ್ಲೇ ತೆಗೆದಿದ್ದರು. ಪೋಲೆಂಡಿನಲ್ಲಿ ಸೇನಾಡಳಿತ ಬಂದಾಗ ಆ ದೇಶದ ಸಾಲವನ್ನು ದಿವಾಳಿ ಎಂದು ಘೋಷಿಸಲು ಒಪ್ಪಲಿಲ್ಲ. ‘ಕಮೆಂಟರಿ’ ಪತ್ರಿಕೆಯ ಸಂಪಾದಕ ನಾರ್ಮನ್ ಪೊಡೊರೆಟ್ಜ್ 1982ರ ಮೇ ತಿಂಗಳಲ್ಲೇ ರೇಗನ್ ವಿದೇಶಾಂಗ ನೀತಿಯ ಬಗ್ಗೆ ತಮ್ಮ ಬಳಗದ ಸಂಕಟವನ್ನು ದೀರ್ಘ ಲೇಖನವಾಗಿ ಬರೆದಿದ್ದರು.

ಎದುರಾಳಿ ದುರ್ಬಲನಾಗುತ್ತಿದ್ದಾನೆ ಎಂದು ನಂಬಿದವನಿಗೆ ಒತ್ತಡ ಹೇರುವುದಕ್ಕೂ ಮಾತಿಗೆ ಕೂರುವುದಕ್ಕೂ ಭಯವಿರುವುದಿಲ್ಲ. ರೇಗನ್ ಮೃದುವಾದದ್ದು ಗೋರ್ಬಚೆವ್ ಮೋಡಿಯಿಂದ ಎಂಬ ಮಾತು ದಿನಾಂಕಗಳ ಮುಂದೆ ನಿಲ್ಲುವುದಿಲ್ಲ. ಗೋರ್ಬಚೆವ್ ಅಧಿಕಾರಕ್ಕೆ ಬಂದದ್ದು 1985ರ ಮಾರ್ಚ್‌ನಲ್ಲಿ. 1984ರ ಜನವರಿ 16ರಂದೇ ರೇಗನ್ ದೂರದರ್ಶನದ ಭಾಷಣದಲ್ಲಿ ಒಂದು ಕಲ್ಪನೆ ಮುಂದಿಟ್ಟಿದ್ದರು: ಇವಾನ್ ಮತ್ತು ಆನ್ಯಾ ಎಂಬ ರಷ್ಯನ್ ದಂಪತಿ, ಜಿಮ್ ಮತ್ತು ಸ್ಯಾಲಿ ಎಂಬ ಅಮೆರಿಕನ್ ದಂಪತಿ ಮಳೆಗೆ ಒಂದೇ ಕಡೆ ಆಶ್ರಯ ಪಡೆದು ನಿಂತರೆ, ತಮ್ಮ ಸರ್ಕಾರಗಳ ಭೇದವನ್ನು ಚರ್ಚಿಸುತ್ತಾರೋ, ಮಕ್ಕಳ ಬಗ್ಗೆ, ದುಡಿಮೆಯ ಬಗ್ಗೆ ಮಾತಾಡುತ್ತಾರೋ? 1986ರ ಅಕ್ಟೋಬರ್‌ನಲ್ಲಿ ರೇಕ್ಯಾವಿಕ್‌ನ ಹೋಫ್ದಿ ಭವನದಲ್ಲಿ ಇಬ್ಬರು ನಾಯಕರು ಎಲ್ಲ ಅಣ್ವಸ್ತ್ರಗಳನ್ನೂ ತೊಡೆದುಹಾಕುವ ಮಾತಿನವರೆಗೆ ಹೋದರು. ಕ್ಷಿಪಣಿಗಳನ್ನು ತಡೆಯುವ ಅಮೆರಿಕದ ಬಾಹ್ಯಾಕಾಶ ರಕ್ಷಣಾ ಯೋಜನೆಯ ಸಂಶೋಧನೆಯನ್ನು ಪ್ರಯೋಗಾಲಯಕ್ಕೆ ಸೀಮಿತಗೊಳಿಸಬೇಕೆಂಬ ಗೋರ್ಬಚೆವ್ ಷರತ್ತಿನ ಮೇಲೆ ಮಾತುಕತೆ ಮುರಿದುಬಿತ್ತು. ಮರುವರ್ಷ ಡಿಸೆಂಬರ್ 8ರಂದು ಸಹಿಯಾದ ಒಪ್ಪಂದ, 500ರಿಂದ 5,500 ಕಿ.ಮೀ. ವ್ಯಾಪ್ತಿಯ, ನೆಲದಿಂದ ಹಾರಿಸುವ ಕ್ಷಿಪಣಿಗಳನ್ನು ಪೂರ್ತಿ ನಿಷೇಧಿಸಿತು. ಅದರಂತೆ ನಾಶವಾದ 2,692 ಕ್ಷಿಪಣಿಗಳಲ್ಲಿ ಸೋವಿಯತ್ ಪಾಲು 1,846, ಅಮೆರಿಕದ ಪಾಲು 846.

ಲೆಕ್ಕ ಇಷ್ಟು ಅನುಕೂಲವಾಗಿದ್ದರೂ ಬಲಪಂಥ ಕೆರಳಿತು. ‘ನ್ಯಾಷನಲ್ ರಿವ್ಯೂ’ ಆ ವರ್ಷದ ಮೇ ತಿಂಗಳಲ್ಲೇ ಇದನ್ನು ರೇಗನ್ ಅವರ ಆತ್ಮಹತ್ಯಾ ಒಪ್ಪಂದವೆಂದು ಮುಖಪುಟದಲ್ಲಿ ಕರೆದಿತ್ತು. ನಿಕ್ಸನ್ ಮತ್ತು ಕಿಸಿಂಜರ್ ಜಂಟಿ ಲೇಖನ ಬರೆದು ಎಚ್ಚರಿಸಿದ್ದರು. ಸಂಪ್ರದಾಯವಾದಿ ಸಂಘಟಕ ಹೋವರ್ಡ್ ಫಿಲಿಪ್ಸ್, ರೇಗನ್ ಸೋವಿಯತ್ ಪ್ರಚಾರಕ್ಕೆ ಸಿಕ್ಕ ಉಪಯುಕ್ತ ಮೂರ್ಖ ಎಂದೇ ಬರೆದರು. ಸೆನೆಟ್ ಮಾತ್ರ 1988ರ ಮೇನಲ್ಲಿ 93–5 ಮತಗಳಿಂದ ಒಪ್ಪಿಗೆ ಕೊಟ್ಟಿತು. ನಾಲ್ಕು ದಿನಗಳ ನಂತರ ಮಾಸ್ಕೋದಲ್ಲಿ ದುಷ್ಟ ಸಾಮ್ರಾಜ್ಯದ ಮಾತನ್ನು ಪತ್ರಕರ್ತರು ನೆನಪಿಸಿದಾಗ, ಅದು ಬೇರೆ ಕಾಲ, ಬೇರೆ ಯುಗ ಎಂದು ರೇಗನ್ ಉತ್ತರಿಸಿದರು.

ಮಧ್ಯ ಅಮೆರಿಕದಲ್ಲಿ ಮಾತ್ರ ಈ ಆತ್ಮವಿಶ್ವಾಸ ಅವರಿಗಿರಲಿಲ್ಲ. ನಿಕರಾಗುವಾದಂಥ ಪುಟ್ಟ ದೇಶದ ಎಡಪಂಥೀಯ ಸರ್ಕಾರವನ್ನು ಉರುಳಿಸಲು ಕಾಂಟ್ರಾ ಬಂಡುಕೋರರಿಗೆ ಹಣ ಹರಿಯಿತು. ಕಾಂಗ್ರೆಸ್ ಕಾನೂನು ಮಾಡಿ ತಡೆದಾಗ ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿ ಬಂದ ಲಾಭದ ಹಣವನ್ನು ಅತ್ತ ತಿರುಗಿಸಿದ್ದು 1986ರ ನವೆಂಬರ್‌ನಲ್ಲಿ ಬಯಲಾಯಿತು. ಕಾಂಗ್ರೆಸ್ಸನ್ನು ಬದಿಗೊತ್ತಿ ಶ್ವೇತಭವನ ಯುದ್ಧ ನಡೆಸುತ್ತದೆ ಎಂದು ಟಾಫ್ಟ್ 1949ರಲ್ಲಿ ಹೆದರಿದ್ದು ಅಕ್ಷರಶಃ ಇದಕ್ಕೇ. ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದಲ್ಲಿ ಕಮ್ಯುನಿಸ್ಟ್ ವಿರೋಧದ ಹೆಸರಿನಲ್ಲಿ ಸೇನೆಗಳು ಹಳ್ಳಿಗಳ ಮೇಲೆ ನಡೆಸಿದ ಹತ್ಯಾಕಾಂಡಗಳನ್ನು ಯಾವ ದೊಡ್ಡ ಗೆಲುವಿನ ಖಾತೆಗೂ ಖರ್ಚು ಹಾಕಿ ಮುಗಿಸಲಾಗದು.

ನಿಮ್ಮ ಮೂರನೆಯ ಪ್ರಶ್ನೆಗೆ ಇಷ್ಟು ಹಿನ್ನೆಲೆ ಬೇಕಿತ್ತು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಂತೆ, ಬಕ್ಲಿ 1952ರಲ್ಲಿ ಹಾಕಿದ್ದ ಷರತ್ತಿನ ಅವಧಿ ಮುಗಿಯಿತೆಂದು ಹೇಳುವವರು ಎದ್ದರು. ಕರ್ಕ್‌ಪ್ಯಾಟ್ರಿಕ್ ಅವರೇ 1990ರಲ್ಲಿ, ಅಮೆರಿಕ ಇನ್ನು ಸಾಮಾನ್ಯ ಕಾಲದ ಸಾಮಾನ್ಯ ದೇಶವಾಗಿ ಬದುಕಬಹುದು ಎಂದು ಬರೆದರು. ನಿಕ್ಸನ್ ಜೊತೆ ಚೀನಾಕ್ಕೆ ಹೋಗಿಬಂದು ರೇಗನ್ ಶ್ವೇತಭವನದಲ್ಲೂ ದುಡಿದಿದ್ದ ಪ್ಯಾಟ್ ಬುಕನನ್ 1992ರಲ್ಲಿ ‘ಅಮೆರಿಕ ಮೊದಲು’ ಎಂಬ ಘೋಷಣೆಯೊಂದಿಗೆ ಹಿರಿಯ ಬುಷ್ ವಿರುದ್ಧ ಸ್ಪರ್ಧಿಸಿದರು. ಇನ್ನೊಂದು ಬಣ, ಗೆದ್ದ ಬಲವನ್ನು ಜಗತ್ತಿನಲ್ಲಿ ಪ್ರಜಾಪ್ರಭುತ್ವ ಹರಡಲು ಬಳಸಬೇಕೆಂದು ವಾದಿಸಿ 2003ರಲ್ಲಿ ಇರಾಕಿನವರೆಗೆ ದೇಶವನ್ನು ಕೊಂಡೊಯ್ದಿತು. ಆ ಯುದ್ಧದ ಫಲಿತಾಂಶವೇ ಮೊದಲ ಬಣಕ್ಕೆ ಮರುಜೀವ ಕೊಟ್ಟಿತು. ಹಾಗಾಗಿ ಉಕ್ರೇನ್ ನೆರವನ್ನು ವಿರೋಧಿಸುವವರು ತಮ್ಮ ಪರಂಪರೆಯ ಒಂದು ಕವಲನ್ನು ಕೈಬಿಟ್ಟಿದ್ದಾರೆ, ಅದಕ್ಕಿಂತ ಹಳೆಯದಾದ ಇನ್ನೊಂದನ್ನು ಎತ್ತಿಕೊಂಡಿದ್ದಾರೆ. ಇಂದಿನ ರಷ್ಯಾ ಕಮ್ಯುನಿಸ್ಟ್ ದೇಶವಲ್ಲ ಎಂಬುದೂ ಅವರಿಗೆ ಅನುಕೂಲಕರ ಸಂಗತಿ.

2024ರ ಏಪ್ರಿಲ್ 20ರಂದು ಪ್ರತಿನಿಧಿ ಸಭೆಯಲ್ಲಿ ನಡೆದ ಮತದಾನವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಉಕ್ರೇನಿಗೆ ಸುಮಾರು 61 ಶತಕೋಟಿ ಡಾಲರ್ ಒದಗಿಸುವ ಮಸೂದೆ 311–112 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದ 112 ಮಂದಿಯೂ ರಿಪಬ್ಲಿಕನ್ನರು. ಪರವಾಗಿ ಮತ ಹಾಕಿದ ರಿಪಬ್ಲಿಕನ್ನರು 101. ಅದೇ ದಿನ, ಅದೇ ಸಭೆಯಲ್ಲಿ, ಕಮ್ಯುನಿಸ್ಟ್ ಚೀನಾದ ಎದುರು ತೈವಾನ್ ಮತ್ತು ಇಂಡೋ-ಪೆಸಿಫಿಕ್ ವಲಯದ ಮಿತ್ರರನ್ನು ಬಲಪಡಿಸುವ ಮಸೂದೆ 385–34 ಮತಗಳಿಂದ ಅಂಗೀಕಾರವಾಯಿತು. ಯುರೋಪಿನ ಖರ್ಚನ್ನು ಪ್ರಶ್ನಿಸುತ್ತ ಫಾರ್ಮೋಸಾ ಎಂದೊಡನೆ ಕೈ ಎತ್ತುತ್ತಿದ್ದ ನೋಲಂಡ್ ಕಾಲದ ಸೆನೆಟರುಗಳಿಗೆ ಈ ಎರಡು ಮತದಾನಗಳ ನಡುವೆ ಯಾವ ವಿರೋಧಾಭಾಸವೂ ಕಾಣುತ್ತಿರಲಿಲ್ಲ.